ಗಾಜಿನಕ್ಕನ ಅಗ್ಗದ ಸೆಟ್ಟು

ಈ ಕಥೆಗೆ ಮೊದಲು ಒಂದು ಕ್ಷಮೆ ಕೇಳಿಕೊಂಡುಬಿಡುವುದು ಒಳ್ಳೆಯದು. ರೇಡಿಯೊ ವಿದ್ಯೆ ಬಲ್ಲವರು ಓದಿದರೆ ಅಲ್ಲಲ್ಲಿ ತಪ್ಪು ಸಿಕ್ಕೀತು. ಬಲ್ಲವರೇ ಯಾರಾದರೂ ಹೇಳಬೇಕಿತ್ತು, ಹೇಳಲಿಲ್ಲ. ಅವರೆಲ್ಲ ಆ ದಿನ ದಡದ ಮೇಲಿದ್ದವರು, ಅವರವರ ಮುಲಾಜು ಅವರವರಿಗೆ. ಹಾಗಾಗಿ ಕೇಳಿ ತಿಳಿದಷ್ಟನ್ನು ಉಪ್ಪುಖಾರ ಹಚ್ಚದೆ ಹೇಳುವ ಧೈರ್ಯ ಮಾಡಿದ್ದಾಗಿದೆ. ಎಲ್ಲಾದರೂ ಹಚ್ಚಿದಂತೆ ಕಂಡರೆ ಅದಕ್ಕೂ ಕ್ಷಮೆ ಇರಲಿ.

ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಗಿರಾಕಿ ಆರಿಸಿದ ಫ್ರೇಮಿನ ಅಳತೆಗೆ ತಕ್ಕಂತೆ ದುಂಡು ಗಾಜಿನ ಅಂಚನ್ನು ಸಾಣೆಗೆ ಹಿಡಿದು ಸವೆಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಕೂರುವುದಿಲ್ಲ, ಅಷ್ಟೇ ಕಡಿಮೆಯಾದರೆ ಉದುರಿಹೋಗುತ್ತದೆ. ಆದ್ದರಿಂದ ಅವಳಿಗೆ ಯಾವುದನ್ನೂ ಒಂದು ಸಲ ನೋಡಿ ನಂಬುವ ಅಭ್ಯಾಸವೇ ಇರಲಿಲ್ಲ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ಕೊನೆಗೆ ಹೋಗಿ, ಮತ್ತೆ ಬಂದು ಜಗ್ಗುವ ಪೈಕಿ. ಗೆಳೆಯರ ಬಾಯಲ್ಲಿ ಅವಳು ಗಾಜಿನಕ್ಕ.

ಗಾಜಿನಕ್ಕನಿಗೆ ಒಂದೇ ಒಂದು ಹುಚ್ಚಿತ್ತು, ಹವ್ಯಾಸಿ ರೇಡಿಯೊ. ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಬರೆದು, ಲೈಸೆನ್ಸು ಪಡೆದು, ಕೈಯಲ್ಲಿ ಹಿಡಿಯುವ ಒಂದು ಸಣ್ಣ ಸೆಟ್ಟು ಕೊಂಡಿದ್ದಳು. ಮಾರುಕಟ್ಟೆಯಲ್ಲಿ ಸಿಗುವುದರಲ್ಲೇ ಅತಿ ಅಗ್ಗದ್ದು. ಪಕ್ಕದ ಗುಂಡಿ ಒತ್ತಿ ಹಿಡಿದು ಮಾತಾಡಬೇಕು, ಮಾತು ಮುಗಿದಾಗ ಓವರ್ ಎಂದು ಬಿಟ್ಟು ಕೇಳಬೇಕು, ಅಷ್ಟೇ. ವರ್ಷಗಳು ಉರುಳಿದವು. ಸೆಟ್ಟಿನ ಅಂಕಿಗಳ ಬಣ್ಣ ಅಳಿಸಿತು. ಬ್ಯಾಟರಿಯ ಕೊಂಡಿ ಸಡಿಲವಾಗಿ, ನಡುವೆ ಮಡಿಸಿದ ರಟ್ಟು ಬಂತು. ಚಾರ್ಜು ಮಾಡುವಾಗ ರಬ್ಬರ್ ಬ್ಯಾಂಡು ಹಾಕಿ ಒತ್ತಿ ಹಿಡಿಯದಿದ್ದರೆ ಹಸಿರು ದೀಪ ಬರುತ್ತಿರಲಿಲ್ಲ. ಒಮ್ಮೆ ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಬಿದ್ದೆದ್ದು ಅಕ್ಕಿ ಡಬ್ಬದಲ್ಲಿ ಮಲಗಿ ಬಂದಿತ್ತು. ಆದರೂ ಮಾತಾಡುತ್ತಿತ್ತು.

"ದಿನಾ ಅದರ ಜ್ವರ ನೋಡ್ತೀಯಲ್ಲ, ನನಗೆ ಒಂದು ದಿನ ಹಣೆ ಮುಟ್ಟಿದ್ದೀಯಾ?" ಎನ್ನುತ್ತಿದ್ದ ಗಂಡ. ಅವನು ಶಾಲೆಯ ವ್ಯಾನು ಓಡಿಸುವವನು, ಹೊಟ್ಟೆ ಸ್ಟಿಯರಿಂಗಿಗೆ ತಾಗುವಷ್ಟು ಬಂದಿತ್ತು.

"ನೀವು ಕೆಟ್ಟರೆ ಕೂಗಾಡ್ತೀರಿ, ಗೊತ್ತಾಗುತ್ತೆ. ಇದು ಹೇಳಲ್ಲ" ಎನ್ನುತ್ತಿದ್ದಳು ಅವಳು, ಆಂಟೆನಾ ಬಿಚ್ಚಿ, ಒರೆಸಿ, ಮತ್ತೆ ತಿರುಗಿಸುತ್ತ.

ಅವಳನ್ನು ಕೊರೆಯುತ್ತಿದ್ದದ್ದು ಅದೇ. ಅವರ ಬಳಗದಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ, ಮದುವೆ ಫೋಟೋ ತೆಗೆಯುವವನು, ದೊಡ್ಡ ಸೆಟ್ಟಿನವನು. ಅವನು ಸಿಕ್ಕಾಗಲೆಲ್ಲ ರೇಗಿಸುತ್ತಿದ್ದ: "ಗಾಜಿನಕ್ಕಾ, ಆ ಆಟದ ಸಾಮಾನು ಇನ್ನೂ ಇದೆಯಾ? ಅಂಥವು ಇದ್ದಷ್ಟು ದಿನ ಇರ್ತವೆ. ಹೋಗೋ ದಿನ ಹೇಳಿ ಹೋಗಲ್ಲ, ನೋಡ್ತಿರು."

ಅವಳ ಬಳಿ ಇದಕ್ಕೆ ಒಂದೇ ಉತ್ತರ: ಮಂಗಳವಾರ.

ಪ್ರತಿ ಮಂಗಳವಾರ ಸಂಜೆ ಬಳಗದವರೆಲ್ಲ ಒಂದೇ ರೇಡಿಯೊ ಅಲೆಯ ಮೇಲೆ ಸೇರುತ್ತಿದ್ದರು. ಸಂಜೆ ತರಗತಿಯಲ್ಲಿ ಅವರಿಗೆ ಕಲಿಸಿದ ಮೇಷ್ಟ್ರು ತಮ್ಮ ಮನೆಯಿಂದ ಒಬ್ಬೊಬ್ಬರನ್ನೇ ಹಾಜರಿ ಕೂಗುವರು. ಕೂಗಿಸಿಕೊಂಡವರು ತಮ್ಮ ಗುರುತು ಹೇಳಿ, ಒಂದೆರಡು ಮಾತಾಡಿ ಬಿಡುವರು. ಆಗ ಮೇಷ್ಟ್ರು, ಮಾತು ಎಷ್ಟು ಸ್ಪಷ್ಟ, ಎಷ್ಟು ಜೋರು ಎಂದು ಎರಡು ಅಂಕಿಯಲ್ಲಿ ತೀರ್ಪು ಕೊಡುವರು. ಐದಕ್ಕೆ ಐದು, ಒಂಬತ್ತಕ್ಕೆ ಒಂಬತ್ತು ಬಂದರೆ ಪೂರ್ತಿ ಅಂಕ. ಅದಕ್ಕೆ ಅವರ ಭಾಷೆಯಲ್ಲಿ ಫೈವ್ ನೈನ್. ಗಾಜಿನಕ್ಕನಿಗೆ ವಾರ ತಪ್ಪದೆ ಬರುತ್ತಿದ್ದದ್ದು ಅದು. "ಫೈವ್ ನೈನ್, ತಂಗಿ" ಎಂದು ಮೇಷ್ಟ್ರ ದನಿ ಕೇಳಿದ ಮೇಲೆಯೇ ಅವಳಿಗೆ ಆ ವಾರದ ಊಟ ರುಚಿಸುತ್ತಿತ್ತು ಎಂದರೂ ಹೆಚ್ಚಲ್ಲ. ಆದರೆ ಬುಧವಾರ ಬೆಳಗ್ಗೆ ಏಳುವಷ್ಟರಲ್ಲಿ ಸಂಶಯವೂ ಎದ್ದಿರುತ್ತಿತ್ತು.

ಹೀಗಿರುವಾಗ ಗಂಡನಿಗೆ ಈಜಿನ ಹುಚ್ಚು ಹತ್ತಿತು. ವೈದ್ಯರು ಹೊಟ್ಟೆ ಕರಗಿಸಿ ಎಂದದ್ದೇ ನೆಪ. ಮುಂಜಾನೆ ಈಜುಕೊಳಕ್ಕೆ ಹೋಗಿ ಬಂದು, ಕಣ್ಣು ಕೆಂಪಗೆ ಮಾಡಿಕೊಂಡು, "ಈ ವರ್ಷ ಹಿನ್ನೀರು ದಾಟೋ ಸ್ಪರ್ಧೆಗೆ ಹೆಸರು ಕೊಟ್ಟಿದ್ದೀನಿ" ಎಂದು ಘೋಷಿಸಿದ.

ಅಣೆಕಟ್ಟಿನ ಹಿನ್ನೀರು ಅವಳಿಗೆ ಗೊತ್ತಿದ್ದ ಜಾಗವೇ. ಪ್ರತಿ ವರ್ಷ ಆ ಸ್ಪರ್ಧೆಗೆ ದಡದುದ್ದಕ್ಕೂ ಕಾವಲು ಕೂತು, ಯಾರಿಗಾದರೂ ಸುಸ್ತಾದರೆ ರೇಡಿಯೊದಲ್ಲಿ ಹೇಳಿ ದೋಣಿ ಕರೆಸುವುದು ಇವರ ಬಳಗದ ಸೇವೆ. ಗುಡ್ಡ ಅಡ್ಡವಿರುವುದರಿಂದ ಅಲ್ಲಿ ಫೋನು ಕೆಲಸ ಮಾಡುವುದಿಲ್ಲ. ನೀರು ಗುಡ್ಡದ ಮೂತಿಯನ್ನು ಸುತ್ತಿ ಹೊರಳುವ ಒಂದು ತಿರುವು ಇದೆ, ಸುಸ್ತಾಗುವವರೆಲ್ಲ ಅಲ್ಲೇ. ಅಲ್ಲಿ ಕೂರಲು ಯಾವಾಗಲೂ ಫೋಟೋಗ್ರಾಫರನೇ ಆಗಬೇಕು, ಅವನದು ದೊಡ್ಡ ಸೆಟ್ಟು.

"ಈ ಸಲ ತಿರುವು ನನಗೆ ಕೊಡಿ ಮೇಷ್ಟ್ರೇ" ಎಂದು ಸಭೆಯಲ್ಲಿ ಅವಳು ಕೇಳಿಬಿಟ್ಟಳು. ಗಂಡ ತಿರುವಿಗೆ ಬರುವ ಹೊತ್ತಿಗೆ ಇನ್ನೊಬ್ಬರ ಕಣ್ಣನ್ನು ನಂಬಿ ಎಲ್ಲೋ ಕೂರುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

"ಆಟದ ಸಾಮಾನು ಹಿಡ್ಕೊಂಡಾ?" ಎಂದ ಫೋಟೋಗ್ರಾಫರ್. ಕೆಲವರು ನಕ್ಕರು.

ಮೇಷ್ಟ್ರು ಕೈಯೆತ್ತಿ ನಗು ನಿಲ್ಲಿಸಿದರು. "ಅವಳ ಸೆಟ್ಟಿಗೆ ಏನಾಗಿದೆ? ವಾರ ವಾರ ಕೇಳ್ತಿದ್ದೀನಲ್ಲ. ಗಂಟೆ ಹೊಡೆದ ಹಾಗಿದೆ. ತಿರುವು ಅವಳಿಗೇ."

ಅಂದು ಅವಳು ಮನೆಗೆ ಬರುವಾಗ ಕಾಲು ನೆಲದ ಮೇಲೆ ಇರಲಿಲ್ಲ. ಆದರೆ ಮೆಟ್ಟಿಲು ಹತ್ತುವಷ್ಟರಲ್ಲಿ ಸೆಟ್ಟನ್ನು ಬಿಚ್ಚತೊಡಗಿದ್ದಳು. ಹೊಸ ಬ್ಯಾಟರಿ ಹಾಕಲೇ? ಹೊಸತು ಕೈಕೊಟ್ಟರೆ? ಹಳೆಯದು ಗೊತ್ತಿರುವ ಶತ್ರು. ರಟ್ಟು ತೆಗೆದು ರಬ್ಬರು ಇಟ್ಟಳು, ರಬ್ಬರು ತೆಗೆದು ರಟ್ಟು ಇಟ್ಟಳು. ಸ್ಪರ್ಧೆಗೆ ಹಿಂದಿನ ಭಾನುವಾರವೇ ತಿರುವಿಗೆ ಹೋಗಿ ಕೂತು ಮಾತಾಡಿ ನೋಡಿದಳು. ಅದಕ್ಕಾಗಿಯೇ ಆಚೆ ದಡಕ್ಕೆ ಬಂದಿದ್ದ ಮೇಷ್ಟ್ರು, "ಫೈವ್ ನೈನ್, ತಂಗಿ. ಯೋಚನೆ ಬಿಡು" ಎಂದರು.

ಸ್ಪರ್ಧೆಯ ದಿನ ಗಾಳಿ ಸ್ವಲ್ಪ ಹೆಚ್ಚಿತ್ತು. ನೀರಿನ ಮೇಲೆ ಸಣ್ಣ ಅಲೆಗಳು ಒಂದನ್ನೊಂದು ತಳ್ಳಿಕೊಂಡು ದಡದಿಂದ ಒಳಕ್ಕೆ ಸರಿಯುತ್ತಿದ್ದವು. ಗಾಜಿನಕ್ಕ ತಿರುವಿನಲ್ಲಿ ಒಬ್ಬಳೇ. ಅವಳ ನಂತರದ ಕಾವಲು ಬಂಡೆಗಳಾಚೆ, ಫೋಟೋಗ್ರಾಫರನದು. ಮುಕ್ತಾಯದ ದಡದಲ್ಲಿ ಶಾಮಿಯಾನದ ಕೆಳಗೆ ಮೇಷ್ಟ್ರು, ಅವರ ಪಕ್ಕದಲ್ಲೇ ದೋಣಿಯವರು.

ಮೇಷ್ಟ್ರು ಆಗಾಗ ಸರದಿಯಂತೆ ಕಾವಲಿನವರನ್ನು ಕೂಗುತ್ತಿದ್ದರು. "ತಿರುವು?"

"ತಿರುವಿನಲ್ಲಿ ಎಲ್ಲಾ ಸರಿ ಇದೆ. ಓವರ್."

"ಫೈವ್ ನೈನ್, ತಂಗಿ. ಮುಂದೆ, ಬಂಡೆ?"

ಹೀಗೆ ಹಲವು ಸುತ್ತು ನಡೆಯಿತು. ಈಜುಗಾರರು ಒಬ್ಬೊಬ್ಬರಾಗಿ ತಿರುವು ಸುತ್ತಿ ಹೋದರು. ಪ್ರತಿಯೊಬ್ಬರ ಸೊಂಟಕ್ಕೂ ದಾರ ಕಟ್ಟಿದ ಕಿತ್ತಳೆ ಬಣ್ಣದ ಗಾಳಿಚೀಲ, ಹಿಂದೆ ತೇಲಿಕೊಂಡು ಬರುವುದು. ಕೊನೆಗೆ, ಎಲ್ಲರಿಗಿಂತ ತುಂಬ ಹಿಂದೆ, ಒಂದು ಚೀಲ ಕಂಡಿತು. ಕೈ ಬೀಸುವ ರೀತಿ ನೋಡಿಯೇ ಅವಳಿಗೆ ಯಾರೆಂದು ಗೊತ್ತಾಯಿತು. ವ್ಯಾನಿನ ಗೇರು ಹಾಕುವ ಹಾಗೆಯೇ ಬಲಗೈ ಎಸೆಯುತ್ತಿದ್ದ.

ಆ ಕೈ ನಿಂತಿತು. ಗಂಡ ತಿರುಗಿ ಚೀಲವನ್ನು ತಬ್ಬಿಕೊಂಡ.

"ಏನಾಯ್ತು?" ಎಂದು ಕೂಗಿದಳು.

"ಕಾಲು! ಕಾಲು ಹಿಡ್ಕೊಂಡುಬಿಟ್ಟಿದೆ!" ಗಾಳಿಯಲ್ಲಿ ಅವನ ದನಿ ಅರ್ಧವೇ ಬಂತು. ಅಲೆ ಅವನನ್ನು ದಡದಿಂದ ಆಚೆಗೆ ಒಯ್ಯುತ್ತಿತ್ತು. ಅವಳಿಗೆ ಈಜು ಬರುತ್ತಿರಲಿಲ್ಲ.

ಗುಂಡಿ ಒತ್ತಿದಳು. ತುರ್ತಿನಲ್ಲಿ ಮಾತು ಚಿಕ್ಕದಾಗಿ, ಬಿಡಿಬಿಡಿಯಾಗಿ ಇರಬೇಕು ಎಂದು ಮೇಷ್ಟ್ರು ತರಗತಿಯಲ್ಲಿ ಹೇಳಿದ್ದರು. "ತಿರುವಿನಿಂದ ತುರ್ತು. ಒಬ್ಬರಿಗೆ ಕಾಲು ಸೆಳೆತ. ದೋಣಿ ಕಳಿಸಿ. ಓವರ್." ನನ್ನ ಗಂಡ ಎನ್ನಲಿಲ್ಲ. ರೇಡಿಯೊ ಅಲೆಯ ಮೇಲೆ ಮನೆಯ ಮಾತು ಆಡಬಾರದೆಂಬುದು ನಿಯಮ.

ಉತ್ತರವಿಲ್ಲ. ಬೇರೆ ಯಾರೋ ನೀರಿನ ಬಾಟಲಿ ಸಾಲದೆಂದು ಮಾತಾಡುತ್ತಿದ್ದರು. ಅವರ ಮಾತಿನಡಿ ತನ್ನ ಮಾತು ಸಿಕ್ಕಿಬಿತ್ತೇನೋ ಎಂದುಕೊಂಡು ಮತ್ತೊಮ್ಮೆ ಹೇಳಿದಳು. ಅಷ್ಟರಲ್ಲಿ ಸರದಿ ಬಂದೇಬಿಟ್ಟಿತು.

"ತಿರುವು?"

"ಮೇಷ್ಟ್ರೇ, ತಿರುವಿನಲ್ಲಿ ಒಬ್ಬರು ಚೀಲ ಹಿಡ್ಕೊಂಡು ನಿಂತಿದ್ದಾರೆ, ಈಜೋಕೆ ಆಗ್ತಿಲ್ಲ, ಗಾಳಿ ಒಳಕ್ಕೆ ತಳ್ತಿದೆ. ದೋಣಿ ಬೇಕು, ಈಗಲೇ. ಓವರ್."

"ಫೈವ್ ನೈನ್, ತಂಗಿ. ಒಳ್ಳೇದು. ಮುಂದೆ, ಬಂಡೆ?"

ಅವಳ ಜೀವ ಮರಳಿ ಬಂದಂತಾಯಿತು. ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಕೂಗಿದಳು, "ಬರ್ತಿದೆ! ದೋಣಿ ಬರ್ತಿದೆ! ಚೀಲ ಬಿಡಬೇಡಿ!"

ಅವನು ತಲೆ ಆಡಿಸಿದಂತೆ ಕಂಡಿತು.

ಅವಳು ನೀರಿನತ್ತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಳು. ದೋಣಿ ಬರಲಿಲ್ಲ. ಹೊರಟಿರಬೇಕು, ಇಂಜಿನು ಶುರುವಾಗಲು ಹೊತ್ತು ಹಿಡಿದಿರಬೇಕು, ಗುಡ್ಡದ ಮೂತಿ ಅಡ್ಡವಿದೆ, ಇನ್ನೇನು ಕಾಣಿಸಬೇಕು. ತನಗೆ ತಾನೇ ಹೀಗೆ ಹೇಳಿಕೊಳ್ಳುತ್ತ ನಿಂತಳು. ಕಿತ್ತಳೆ ಚೀಲ ಸಣ್ಣದಾಗುತ್ತಿತ್ತು. ಕೊನೆಗೆ ದೋಣಿ ಕಂಡಿತು; ಆದರೆ ದೂರದಲ್ಲಿ, ಆಚೆ ದಡಕ್ಕೆ ಅಂಟಿಕೊಂಡು, ಆರಾಮಾಗಿ, ಬೇರೆ ದಿಕ್ಕಿಗೆ ಹೋಗುತ್ತಿತ್ತು. ಅದರಲ್ಲಿದ್ದವನು ಯಾರಿಗೋ ನೀರಿನ ಬಾಟಲಿ ಎಸೆಯುತ್ತಿದ್ದ.

ಆಗ ಅವಳಿಗೆ 'ಒಳ್ಳೇದು' ಎಂಬ ಮಾತು ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು. ಒಬ್ಬ ಮನುಷ್ಯ ಮುಳುಗುತ್ತಿದ್ದಾನೆ ಎಂದರೆ ಯಾರಾದರೂ ಒಳ್ಳೇದು ಎನ್ನುತ್ತಾರೆಯೇ?

ಕಾವಲು ಬಿಟ್ಟು ಕದಲಬಾರದು. ಕದಲಿದರೆ ಗಂಡ ಕಣ್ಣಿಗೆ ಮರೆಯಾಗುತ್ತಾನೆ. ಕದಲದಿದ್ದರೆ? ಅವಳು ಸೆಟ್ಟನ್ನು ಕೈಯಲ್ಲಿ ಹಿಡಿದೇ ಬಂಡೆಗಳ ಮೇಲೆ ಬಿದ್ದೆದ್ದು ಓಡಿದಳು. ಮೊಣಕಾಲು ತರಚಿತು, ಒಂದು ಚಪ್ಪಲಿ ನೀರುಪಾಲಾಯಿತು. ಫೋಟೋಗ್ರಾಫರ್ ಅವಳನ್ನು ಕಂಡು ಕುರ್ಚಿಯಿಂದ ಎದ್ದ.

"ಏನಕ್ಕಾ, ಸೆಟ್ಟು ಸತ್ತುಹೋಯ್ತಾ?" ಎಂದು ನಗಲು ಹೊರಟವನು ಅವಳ ಮುಖ ನೋಡಿ ಅಲ್ಲೇ ತಡೆದ.

"ದೋಣಿ. ತಿರುವಿಗೆ. ನಮ್ಮನೆಯವರು."

ಅವನು ಗುಂಡಿ ಒತ್ತಿದ. ಒಂದೇ ಮಾತು ಹೇಳಿದ. ಆಚೆ ದಡದ ದೋಣಿ ಅಲ್ಲೇ ಗಿರಕ್ಕನೆ ತಿರುಗಿತು.

ಗಂಡನನ್ನು ಎತ್ತಿ ತಂದಾಗ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಆದರೆ ಜೀವಕ್ಕೇನೂ ಆಗಿರಲಿಲ್ಲ. ಕಂಬಳಿಯೊಳಗಿಂದ ಅವನು, "ಸುಮಾರು ಹೊತ್ತು ಆಯ್ತಲ್ಲೇ" ಎಂದ.

"ನನ್ನ ತಪ್ಪು. ಬರ್ತಿದೆ ಅಂತ ಸುಳ್ಳು ಹೇಳಿಬಿಟ್ಟೆ."

"ನೀನು ಬರ್ತಿದೆ ಅಂದೆಯಲ್ಲ, ಅದಕ್ಕೇ ಕೈ ಬಿಡಲಿಲ್ಲ" ಎಂದ ಅವನು. ಅದು ಸಮಾಧಾನಕ್ಕೆ ಹೇಳಿದ್ದೋ ನಿಜವೋ, ಅವಳಿಗೆ ತಿಳಿಯಲಿಲ್ಲ. ಆ ಮಾತು ಅವಳನ್ನು ಇನ್ನಷ್ಟು ಚುಚ್ಚಿತು.

ಎರಡು ದಿನ ಬಿಟ್ಟು ಮೇಷ್ಟ್ರು ಮನೆಗೆ ಬಂದರು. ಗಂಡನ ಆರೋಗ್ಯ ವಿಚಾರಿಸಿ, ಕೊಟ್ಟ ಚಹಾ ಆರಲು ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತರು. ಗಾಜಿನಕ್ಕ ಸೆಟ್ಟನ್ನು ಮೇಜಿನ ಮೇಲೆ ಇಟ್ಟಳು.

"ಆ ದಿನ ನಾನು ಹೇಳಿದ್ದು ನಿಮಗೆ ಏನು ಕೇಳಿಸ್ತು ಮೇಷ್ಟ್ರೇ?"

"ಖರ್ ಅಂತು" ಎಂದರು ಮೇಷ್ಟ್ರು.

"ಖರ್?"

"ನಿನ್ನ ಸರದಿ. ಕೂಗಿದೆ. ಖರ್ ಅಂತು. ನೀನೇ ಅಂದ್ಕೊಂಡೆ. ಎಲ್ಲಾ ಸರಿ ಅಂತಿರ್ತೀಯ ಅಂದ್ಕೊಂಡೆ."

"ಮತ್ತೆ ಮಂಗಳವಾರ?"

ಮೇಷ್ಟ್ರು ಚಹಾದ ಮೇಲಿನ ಕೆನೆಯನ್ನೇ ನೋಡಿದರು. "ನನಗೆ ಎಲ್ಲರ ಸರದೀನೂ ಬಾಯಿಪಾಠ ಆಗಿದೆ, ತಂಗಿ. ಇಂಥವರಾದ್ಮೇಲೆ ಇಂಥವರು. ಖರ್ ಅಂದ್ರೆ ನೀನು."

"ಯಾವಾಗಿನಿಂದ ಖರ್ ಅಂತಿದೆ?"

"ಮೊದಲು ಚೆನ್ನಾಗೇ ಇತ್ತು. ಆಮೇಲೆ ಒಂದೊಂದು ವಾರ ಮಸುಕಾಗೋದು. ಸರಿಯಾಗಿ ಕೇಳಿಸ್ಲಿಲ್ಲ ಅಂದ್ರೆ ಇವರೆಲ್ಲ ಸೇರಿ ನಿನ್ನ ಸೆಟ್ಟನ್ನ ಆಡ್ಕೊಂಡು ನಗ್ತಾರಲ್ಲ, ಅಂತ ಫೈವ್ ನೈನ್ ಅಂದೆ. ಆಮೇಲೆ..."

"ಆಮೇಲೆ ಬಾಯಿಗೆ ಬಂದುಬಿಡ್ತು" ಎಂದು ಒಳಗಿನಿಂದ ಗಂಡ ಮುಗಿಸಿದ.

"ಹೂಂ" ಎಂದರು ಮೇಷ್ಟ್ರು.

ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತು. ಅವಳು ಫೋಟೋಗ್ರಾಫರನ ಅಂಗಡಿಗೆ ಹೋದಳು. "ಮಂಗಳವಾರ ನೀನೂ ಕೇಳ್ತಿರ್ತೀಯಲ್ಲ. ನನ್ನ ಮಾತು ನಿನಗೆ ಕೇಳಿಸ್ತಿತ್ತಾ?"

ಅವನು ತಲೆ ಕೆರೆದುಕೊಂಡ. "ಎಷ್ಟೋ ಸಲ ಇಲ್ಲ ಅಕ್ಕಾ. ಮೇಷ್ಟ್ರ ಮಾಳಿಗೆ ಮೇಲೆ ದೊಡ್ಡ ಆಂಟೆನಾ ಇದೆಯಲ್ಲ, ಅವರಿಗೆ ಕೇಳಿಸ್ತಿರುತ್ತೆ ಅಂದ್ಕೊಂಡೆ. ಎಲ್ಲರೂ ಹಾಗೇ ಅಂದ್ಕೊಂಡಿದ್ದು ಅನ್ಸುತ್ತೆ."

"ಇಷ್ಟು ದಿನ ರೇಗಿಸ್ತಿದ್ದೆ. ಅದನ್ನ ಮಾತ್ರ ಹೇಳಲಿಲ್ಲ."

"ರೇಗಿಸೋದು ಬೇರೆ ಅಕ್ಕಾ. ಇದು ಹೇಳೋಕೆ ಒಂಥರಾ ಆಗುತ್ತೆ."

ಇಬ್ಬರೂ ಅಂದೇ ಪರೀಕ್ಷೆ ಮಾಡಿದರು. ಅವನು ಅಂಗಡಿಯ ಮಾಳಿಗೆಯಲ್ಲಿ, ಅವಳು ತನ್ನ ಮನೆಯ ಮಾಳಿಗೆಯಲ್ಲಿ. "ಚೆನ್ನಾಗಿ ಕೇಳಿಸ್ತಿದೆ" ಎಂದ. "ಹಾಗನ್ನಬೇಡ, ನಾನು ಹೇಳಿದ್ದನ್ನ ತಿರುಗಿ ಹೇಳು" ಎಂದು ಅವಳು "ಬದನೆಕಾಯಿ" ಎಂದಳು. "ಬದನೆಕಾಯಿ" ಎಂದ. "ಇಸ್ತ್ರಿಪೆಟ್ಟಿಗೆ" ಎಂದಳು. "ಇಸ್ತ್ರಿಪೆಟ್ಟಿಗೆ" ಎಂದ. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ಎಲ್ಲವೂ ಸರಿಯಾಗಿ ದಾಟಿತು. ಮರುದಿನ ಅದೇ ಮಾಳಿಗೆ, ಅದೇ ಬ್ಯಾಟರಿ. ಕುಂಬಳಕಾಯಿ ಎಂದದ್ದು ಅವನಿಗೆ ಬರೀ ಖರ್. ಅದರ ಮರುದಿನ ಮತ್ತೆ ಸರಿ.

ರೇಡಿಯೊ ರಿಪೇರಿಯವನು ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿ, ಮತ್ತೆ ಮುಚ್ಚಿದ. "ಇದರಲ್ಲಿ ಏನೂ ಇಲ್ಲಮ್ಮ. ನನ್ನ ಮುಂದೆ ಕೆಡ್ತಾ ಇಲ್ಲ. ಕೆಟ್ಟಾಗ ತನ್ನಿ."

"ಕೆಟ್ಟಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಬೇರೆಯವರ ಮಾತು ನನಗೆ ಸರಿಯಾಗೇ ಕೇಳಿಸುತ್ತೆ."

"ಅದೂ ನಿಜವೇ" ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ದಿನಾ ಬಿಚ್ಚಿ ತಿರುಗಿಸುತ್ತಿದ್ದ ಆಂಟೆನಾದ ಬುಡವೇ ತನ್ನ ಕೈಯಲ್ಲಿ ಸವೆದಿರಬಹುದೇ ಎಂಬ ಹೊಸ ಸಂಶಯ ಅವಳಿಗೆ ಬಂತು. ಬಿಚ್ಚಿ ನೋಡಲು ಕೈ ಹೋಯಿತು. ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಹೋಯಿತು.

ಮೇಷ್ಟ್ರು ಮಂಗಳವಾರದ ರೀತಿ ಬದಲಿಸಿದರು. ಪ್ರತಿಯೊಬ್ಬರೂ ಒಂದು ಪದ ಹೇಳಬೇಕು, ತಾವು ಅದನ್ನು ತಿರುಗಿ ಹೇಳಬೇಕು. ಮೊದಮೊದಲು ಎಲ್ಲರಿಗೂ ಇದು ಮಜವಾಗಿತ್ತು. ಆನೆ, ಕತ್ತರಿ, ನಮ್ಮತ್ತೆ ಎಂದೆಲ್ಲ ಹೇಳಿ ನಕ್ಕರು. ಆಮೇಲೆ ಹೊತ್ತಾಗುತ್ತದೆ ಎಂದು ಕೆಲವರು ಗೊಣಗಿದರು. ಪದಗಳು ಮೆಲ್ಲಗೆ ಉದುರಿಹೋದವು. ಒಂದು ಮಂಗಳವಾರ ಮೇಷ್ಟ್ರ ಕೂಗು ಹಳೆಯ ಲಯಕ್ಕೇ ಬಂದಿರುವುದು ಅವಳಿಗೆ ಕೇಳಿಸಿತು. ತನ್ನ ಸರದಿ ಬಂದಾಗ ಅವಳು ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಗುಂಡಿಯನ್ನು ಮುಟ್ಟದೆ, ಸುಮ್ಮನೆ ಕೂತಳು.

ಅಲೆ ಖಾಲಿಯಾಗಿತ್ತು. ಒಬ್ಬ ಮನುಷ್ಯ ಎರಡು ಮಾತಾಡಿ ಮುಗಿಸುವಷ್ಟು ಹೊತ್ತು ಕಳೆಯಿತು.

"ಫೈವ್ ನೈನ್, ತಂಗಿ" ಎಂದರು ಮೇಷ್ಟ್ರು. ಎಂದಿನ ಪ್ರೀತಿಯಲ್ಲೇ.

ಗಂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಮರುದಿನ ಅಂಗಡಿ ಮುಗಿಸಿ ಅವಳು ನೇರ ಮೇಷ್ಟ್ರ ಮನೆಗೆ ಹೋದಳು. ನಿನ್ನೆ ತಾನು ಮಾತೇ ಆಡಿರಲಿಲ್ಲ ಎಂದಳು. ಅವರ ಮುಖ ಸಪ್ಪಗಾಯಿತು. ಬೈಯುತ್ತಾಳೆ ಎಂದು ಕಾದರು.

"ಮುಂದಿನ ವರ್ಷ ನನಗೆ ತಿರುವು ಬೇಡ" ಎಂದಳು ಅವಳು. "ಶಾಮಿಯಾನದಲ್ಲಿ ನಿಮ್ಮ ಪಕ್ಕ ಒಂದು ಕುರ್ಚಿ ಹಾಕಿಸಿ. ಮಂಗಳವಾರಾನೂ ಇಲ್ಲಿಗೇ ಬರ್ತೀನಿ. ನೀವು ಕೂಗಿ. ಕೇಳಿಸ್ಲಿಲ್ಲ ಅನ್ನೋದನ್ನ ನಾನು ಹೇಳ್ತೀನಿ."

"ಎಲ್ಲರೂ ನಿನ್ನ ಮೇಲೆ ಬೇಜಾರು ಮಾಡ್ಕೋತಾರೆ, ತಂಗಿ."

"ಮಾಡ್ಕೊಳ್ಳಲಿ."

ಈಗ ಅವಳು ಅಲ್ಲಿ ಕೂರುತ್ತಾಳೆ. ಮೊದಲ ಸಂಜೆಯೇ ಮೂವರಿಗೆ 'ಕೇಳಿಸ್ಲಿಲ್ಲ' ಎಂದಳು. ಅವರಲ್ಲಿ ಒಬ್ಬ ದೊಡ್ಡ ಸೆಟ್ಟಿನ ಫೋಟೋಗ್ರಾಫರ್. ಅವನು ಒಂದು ವಾರ ಮಾತು ಬಿಟ್ಟಿದ್ದ. ಅವಳು ಹಾಗೆ ಹೇಳಿದ ಪ್ರತಿ ಸಲವೂ ತನ್ನ ಕಿವಿಯೇ ತಪ್ಪಿತೇನೋ ಎಂದು ಮನೆಗೆ ಹೋಗುವವರೆಗೆ ಒದ್ದಾಡುತ್ತಾಳಂತೆ. ಅಗ್ಗದ ಸೆಟ್ಟನ್ನು ಎಸೆದಿಲ್ಲ, ಬಳಸುವುದೂ ಇಲ್ಲ.

ಅದು ಯಾವ ವಾರದಿಂದ ಕೈಕೊಡಲು ಶುರುಮಾಡಿತು, ಅಸಲಿಗೆ ಕೆಟ್ಟದ್ದು ಅದೇ ಹೌದೋ ಇಲ್ಲವೋ, ಆ ದಿನ ಅಡ್ಡಬಂದದ್ದು ಸೆಟ್ಟೋ, ಗಾಳಿಯೋ, ಗುಡ್ಡವೋ, ಮೇಷ್ಟ್ರ ಕಿವಿಯೋ, ಇದು ಅವಳಿಗೆ ಗೊತ್ತಿಲ್ಲ. ಎಷ್ಟು ಮಂಗಳವಾರ ಅವಳು ಯಾರಿಗೂ ಕೇಳಿಸದ ಮಾತಾಡಿ, ಉತ್ತರ ಪಡೆದು, ನೆಮ್ಮದಿಯಾಗಿ ಉಂಡಳೋ, ಅದೂ ಗೊತ್ತಿಲ್ಲ. ಕೇಳಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.